ಎಷ್ಟು ಮಾನಿಟರ್ ಅಂತ ಮೊದಲು ಲ್ಯಾಪ್‌ಟಾಪನ್ನೇ ಕೇಳಿ

(ಗದಗದಲ್ಲಿ ಡಿಟಿಪಿ, ಪ್ರೂಫ್ ಮತ್ತು ಮುದ್ರಣದ ಕೆಲಸ ಮಾಡುವವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಗದಗಿಗೆ ಮುದ್ರಣ ಕಾಶಿ ಅಂತ ಹೆಸರಿದೆ. ಇಲ್ಲಿ ಕೂತಿರುವವರಲ್ಲಿ ಬಹಳ ಜನ ದಿನಾ ತಾಸುಗಟ್ಟಲೆ ಪುಟ ಕಟ್ಟುವವರು, ಪ್ರೂಫ್ ನೋಡುವವರು, ಲಗ್ನಪತ್ರಿಕೆ ಮಾಡುವವರು. ಹಾಗಾಗಿ ಮಾತನ್ನು ನಿಮ್ಮ ಮೇಜಿನಿಂದಲೇ ಶುರು ಮಾಡುತ್ತೇನೆ.

ನಿಮ್ಮ ಲ್ಯಾಪ್‌ಟಾಪ್‌ನ ಪರದೆ 15.6 ಇಂಚಿನದು ಅಂದುಕೊಳ್ಳೋಣ. ಅದರ ಅಗಲ ಸುಮಾರು 34 ಸೆಂಟಿಮೀಟರ್, ಎತ್ತರ ಸುಮಾರು 19. ಎ4 ಹಾಳೆಯ ಎತ್ತರವೇ 29.7 ಸೆಂಟಿಮೀಟರ್. ಅಂದರೆ ಒಂದು ಪುಟವನ್ನು ನಿಜವಾದ ಅಳತೆಯಲ್ಲಿ ನೋಡಲು ಹೋದರೆ ಮೂರನೇ ಒಂದು ಭಾಗ ಪರದೆಯಾಚೆ ಉಳಿಯುತ್ತದೆ. ಈಗ 24 ಇಂಚಿನ ಮಾನಿಟರ್ ತೆಗೆದುಕೊಳ್ಳಿ. ಅಗಲ 53 ಸೆಂಟಿಮೀಟರ್, ಎತ್ತರ ಹತ್ತಿರ ಹತ್ತಿರ 30. ಎರಡು ಎ4 ಹಾಳೆ ಪಕ್ಕಪಕ್ಕ ಇಟ್ಟರೆ ಅಗಲ 42 ಸೆಂಟಿಮೀಟರ್ ಆಗುತ್ತದೆ. ಪುಸ್ತಕದ ಎಡಪುಟ, ಬಲಪುಟ ಎರಡೂ ಒಟ್ಟಿಗೆ, ಹೆಚ್ಚೂಕಡಿಮೆ ಅಚ್ಚಾಗಿ ಬರುವ ಅಳತೆಯಲ್ಲೇ ಕಣ್ಣೆದುರು ನಿಲ್ಲುತ್ತವೆ. ಮೇಲೆ ಕೆಳಗೆ ಟೂಲ್‌ಬಾರ್ ತಿನ್ನುವ ಜಾಗ ಕಳೆದರೂ ಓದಲು ಏನೂ ತೊಂದರೆ ಇಲ್ಲ.

ಕನ್ನಡದ ಕೆಲಸಕ್ಕೆ ಇದು ಇನ್ನೂ ಮುಖ್ಯ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗಾತ್ರವೂ ಚಿಕ್ಕದು. ಪುಟ ಕುಗ್ಗಿಸಿ ನೋಡುವಾಗ ‘ಶಿಷ್ಟ’ದ ಒತ್ತು, ‘ನಿಷ್ಠ’ದ ಒತ್ತು ಎರಡೂ ಒಂದೇ ಥರ ಕಾಣುತ್ತವೆ. ಪ್ರೂಫ್ ಕೈತಪ್ಪುವುದು ಇಂಥ ಕಡೆಯೇ. ಕಣ್ಣು ಚುರುಕಾಗಿರುವ ಪ್ರೂಫ್ ರೀಡರ್ ಕೂಡ ಕಾಣದೇ ಇರೋದನ್ನು ಹೇಗೆ ತಿದ್ದಬೇಕು?

ಎರಡನೇ ಪರದೆ ಬಂದ ಮೇಲೆ ಕೆಲಸದ ರೀತಿಯೇ ಬದಲಾಗುತ್ತದೆ. ಎಡಕ್ಕೆ ಲೇಖಕರು ಕಳಿಸಿದ ಕೈಬರಹದ ಸ್ಕ್ಯಾನ್, ಬಲಕ್ಕೆ ನೀವು ಕಟ್ಟುತ್ತಿರುವ ಪುಟ. ಸಾಲು ಸಾಲಾಗಿ ತಾಳೆ ನೋಡಬಹುದು. ಮೂರನೆಯದು ಇದ್ದರೆ ಅದರಲ್ಲಿ ವಾಟ್ಸಾಪ್, ಮೇಲ್, ಫಾಂಟ್‌ಗಳ ಪಟ್ಟಿ, ಹಳೆಯ ಫೈಲು. ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕು ಅಂತ ಯಾರಾದರೂ ಕೇಳಿದರೆ, ಮೊದಲು ಒಂದು ಒಳ್ಳೆಯ ಮಾನಿಟರ್ ತಗೊಳ್ಳಿ, ಆಮೇಲೂ ಸಾಲದು ಅನಿಸಿದರೆ ಲ್ಯಾಪ್‌ಟಾಪ್ ಯೋಚನೆ ಮಾಡಿ ಅಂತಲೇ ಹೇಳುತ್ತೇನೆ.

ಆದರೆ ತೊಂದರೆ ಶುರುವಾಗೋದು ಕೊಳ್ಳುವಾಗಲೇ. ನನಗೆ ಬರುವ ಫೋನುಗಳಲ್ಲಿ ಜಾಸ್ತಿ ಕೇಳುವ ಮಾತು ಇದು: “ಸರ, ಎರಡೂ ಮಾನಿಟರ್‌ನ್ಯಾಗ ಒಂದ ಚಿತ್ರ ಬರಾಕತ್ತೈತಿ, ಏನ್ ಮಾಡೂದ್ರಿ?” ಬೆಟಗೇರಿಯಲ್ಲಿ ಡಿಸೈನ್ ಕೆಲಸ ಮಾಡುವ ಒಬ್ಬ ಹುಡುಗನ ಮೇಜು ನೋಡಿದೆ. ಹೊಸ ಮಾನಿಟರ್ ಎರಡು. ಪಕ್ಕದಲ್ಲಿ ಎರಡು ಎಚ್‌ಡಿಎಂಐ ಕಿಂಡಿ ಇರುವ ಒಂದು ಹಬ್, ಅಂದರೆ ಲ್ಯಾಪ್‌ಟಾಪ್‌ನ ಒಂದು ಕಿಂಡಿಯಿಂದ ಹಲವು ಕಿಂಡಿ ಮಾಡಿಕೊಡುವ ಡಬ್ಬಿ. ಜೊತೆಗೆ ಒಂದು ಸ್ಪ್ಲಿಟ್ಟರ್ ಡಬ್ಬಿ. ಎಲ್ಲವೂ ಹೊಸತು, ಯಾವುದೂ ಕೆಟ್ಟಿರಲಿಲ್ಲ. ಆದರೆ ಆ ಲ್ಯಾಪ್‌ಟಾಪ್‌ಗೂ ಆ ಸಾಮಾನಿಗೂ ಹೊಂದಾಣಿಕೆಯೇ ಇರಲಿಲ್ಲ. ದುಡ್ಡು ಕೊಟ್ಟ ಮೇಲೆ ಇದು ಗೊತ್ತಾದರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಇವತ್ತು ನಾನು ಹೇಳಬೇಕಾದ್ದು ಮುಖ್ಯವಾಗಿ ಇದನ್ನೇ. ಅಂಗಡಿಗೆ ಹೋಗುವ ಮೊದಲು, ನಿಮ್ಮ ಲ್ಯಾಪ್‌ಟಾಪ್ ಎಷ್ಟು ಪರದೆಗೆ ಬೇರೆ ಬೇರೆ ಚಿತ್ರ ಕೊಡಬಲ್ಲದು, ಯಾವ ಕಿಂಡಿಯಿಂದ ಕೊಡುತ್ತದೆ ಅನ್ನೋದನ್ನು ತಿಳಿದುಕೊಳ್ಳಿ.

ಸ್ಪ್ಲಿಟ್ಟರ್ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಅದು ಒಂದು ಚಿತ್ರವನ್ನು ಎರಡು ಕಡೆ ತೋರಿಸಲು ಇರುವ ಸಾಮಾನು. ಮದುವೆ ಮಂಟಪದಲ್ಲಿ ಎರಡು ಟಿವಿ ಇಡಲು ಸರಿ. ನಿಮ್ಮ ಕೆಲಸಕ್ಕೆ ಬೇಡ.

ಈಗ ಎಣಿಕೆ. ಲ್ಯಾಪ್‌ಟಾಪ್ ಒಳಗೆ ಚಿತ್ರ ತಯಾರಿಸುವ ಭಾಗವೊಂದಿದೆ, ಗ್ರಾಫಿಕ್ಸ್ ಅಂತೀವಿ. ಒಂದೇ ಹೊತ್ತಿಗೆ ಎಷ್ಟು ಬೇರೆ ಬೇರೆ ಪರದೆಗೆ ಚಿತ್ರ ಕಳಿಸಬಹುದು ಅನ್ನೋದು ಅದರಲ್ಲೇ ನಿಗದಿಯಾಗಿರುತ್ತದೆ. ಪ್ರೆಸ್ಸಿಗೆ ಬಾಗಿಲು ಎಷ್ಟಿದ್ದರೇನು, ಒಳಗೆ ಯಂತ್ರ ಎಷ್ಟಿವೆಯೋ ಅಷ್ಟೇ ಕೆಲಸ ಹೊರಗೆ ಬರೋದು. ಇದೂ ಹಾಗೇ. ಹೊರಗಿನಿಂದ ನಾಲ್ಕು ಕಿಂಡಿಯ ಹಬ್ ಸಿಕ್ಕಿಸಿದರೆ ಒಳಗಿನ ಲೆಕ್ಕ ಹೆಚ್ಚಾಗುವುದಿಲ್ಲ.

ಇಂಟೆಲ್ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್ ಆದರೆ ಲೆಕ್ಕ ಹಾಕೋದು ಸುಲಭ. 2011ರವರೆಗಿನವು ಎರಡು ಪರದೆಗೇ ನಿಲ್ಲುತ್ತವೆ. 2012ರಲ್ಲಿ ಬಂದ ಮೂರನೇ ಪೀಳಿಗೆಯಿಂದ ಮೂರು. 2020ರ 11ನೇ ಪೀಳಿಗೆಯಿಂದ ಹೆಚ್ಚಿನವುಗಳಲ್ಲಿ ನಾಲ್ಕು. ಗಮನಿಸಿ, ಈ ಲೆಕ್ಕದಲ್ಲಿ ಲ್ಯಾಪ್‌ಟಾಪ್‌ನ ಸ್ವಂತ ಪರದೆಯೂ ಸೇರಿದೆ. ಮೂರು ಅಂದರೆ ಒಳಗಿನದು ಒಂದು, ಹೊರಗಿನದು ಎರಡು. ಅನುಮಾನ ಇದ್ದರೆ ಪ್ರೊಸೆಸರ್‌ನ ಪೂರ್ತಿ ಹೆಸರನ್ನು ಇಂಟೆಲ್‌ನ ಜಾಲತಾಣದಲ್ಲಿ ಹುಡುಕಿ. ಎಷ್ಟು ಡಿಸ್‌ಪ್ಲೇ ಅನ್ನೋ ಒಂದು ಸಾಲು ಅಲ್ಲಿರುತ್ತದೆ. ಐ5-8250ಯು ಅಂತ ಕೊಟ್ಟರೆ ಮೂರು ಅಂತ ಬರುತ್ತದೆ. ಐ5-1135ಜಿ7 ಅಂತ ಕೊಟ್ಟರೆ ನಾಲ್ಕು. ಪ್ರೊಸೆಸರ್ ಹೆಸರು ಎಲ್ಲಿ ಸಿಗುತ್ತದೆ ಅಂದರೆ, ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್. ಅಲ್ಲೇ ಇದೆ.

ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಒಂದು ಮಾತು. ಎಚ್‌ಡಿಎಂಐ, ವಿಜಿಎ ಎರಡೂ ಕಿಂಡಿ ಇರುತ್ತವೆ, ಆದರೂ ಮೂರು ಪರದೆ ಒಟ್ಟಿಗೆ ಬರುವುದಿಲ್ಲ. ಆಗ ಒಳಗಿನ ಪರದೆಯನ್ನು ಸೆಟ್ಟಿಂಗ್ಸ್‌ನಲ್ಲಿ ಆರಿಸಿ ನೋಡಿ. ಹೊರಗಿನ ಎರಡೂ ಹತ್ತಿಕೊಳ್ಳುವ ಸಾಧ್ಯತೆ ಜಾಸ್ತಿ. ಮೇಜಿನ ಮೇಲೆ ಎರಡು 24 ಇಂಚಿನವು ಇರುವಾಗ ಮಧ್ಯದ ಸಣ್ಣ ಪರದೆ ಹೋದರೆ ಯಾರಿಗೂ ನಷ್ಟವಿಲ್ಲ.

ಮ್ಯಾಕ್‌ಬುಕ್ ಇರುವವರು ಕೈ ಎತ್ತಿದ್ದೀರಿ. ನೀವು ಇನ್ನೂ ಹುಷಾರಾಗಿರಬೇಕು. 2020ರ ಎಂ1 ಏರ್, 2022ರ ಎಂ2 ಏರ್, ಇವೆರಡೂ ಹೊರಗಿನ ಒಂದೇ ಮಾನಿಟರ್‌ಗೆ ಚಿತ್ರ ಕೊಡುತ್ತವೆ. 2024ರ ಎಂ3 ಏರ್ ಎರಡು ಕೊಡುತ್ತದೆ, ಆದರೆ ಮುಚ್ಚಳ ಮುಚ್ಚಿದ್ದಾಗ ಮಾತ್ರ. 2025ರ ಎಂ4 ಏರ್ ಮುಚ್ಚಳ ತೆರೆದಿದ್ದರೂ ಎರಡು ಕೊಡುತ್ತದೆ. ಎಂ1 ಪ್ರೊ ಚಿಪ್ ಇದ್ದರೆ ಎರಡು, ಎಂ1 ಮ್ಯಾಕ್ಸ್ ಆದರೆ ನಾಲ್ಕು. ನೋಡಲು ಒಂದೇ ಥರ ಇರುವ ಯಂತ್ರಗಳು, ಒಳಗಿನ ಲೆಕ್ಕ ಬೇರೆ ಬೇರೆ. ಎಂ1 ಏರ್ ಇಟ್ಟುಕೊಂಡು ಎರಡು ಮಾನಿಟರ್ ಬೇಕು ಅನ್ನುವವರಿಗೂ ದಾರಿ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನು ಕಿಂಡಿಗಳು. ನೀಲಿ ಬಣ್ಣದ, ಮೂರು ಸಾಲಿನಲ್ಲಿ 15 ಪಿನ್ ಇರುವ ವಿಜಿಎ ನಿಮಗೆಲ್ಲ ಗೊತ್ತು. 1987ರಲ್ಲಿ ಐಬಿಎಂ ತಂದದ್ದು. ಇನ್ನೂ ಎಷ್ಟೋ ಪ್ರೆಸ್ಸುಗಳಲ್ಲಿ ವಿಜಿಎ ಮಾತ್ರ ಇರುವ ಮಾನಿಟರ್ ಇವೆ. ಅವನ್ನು ಬಿಸಾಡಬೇಡಿ. ಎಚ್‌ಡಿಎಂಐಯಿಂದ ವಿಜಿಎಗೆ ತಿರುಗಿಸುವ ಸಣ್ಣ ಅಡಾಪ್ಟರ್ ಸಿಗುತ್ತದೆ. ಮೇಲ್ ನೋಡಲು, ಫೈಲು ಹುಡುಕಲು ಆ ಮಾನಿಟರ್ ಧಾರಾಳವಾಗಿ ಸಾಕು. ಅಕ್ಷರ ತುಸು ಮಬ್ಬಾಗಿ ಕಾಣುತ್ತದೆ, ಹಾಗಾಗಿ ಪ್ರೂಫ್ ನೋಡಲು ಮಾತ್ರ ಬೇಡ.

ಎಚ್‌ಡಿಎಂಐ ನೇರ. ಸಿಕ್ಕಿಸಿದರೆ ಚಿತ್ರ ಬರುತ್ತದೆ. ತಕರಾರು ಜಾಸ್ತಿ ಇರೋದು ಯುಎಸ್‌ಬಿ-ಸಿ ಜೊತೆ. ಮೊಬೈಲ್ ಚಾರ್ಜರ್‌ನಲ್ಲಿ ಇರುತ್ತಲ್ಲ, ಹಿಂದೆ ಮುಂದೆ ಹೇಗೆ ಬೇಕಾದರೂ ಹಾಕುವ ಮೊಟ್ಟೆಯಾಕಾರದ ಕಿಂಡಿ, ಅದೇ. 24 ಪಿನ್ ಇರುತ್ತವೆ. ಆ ಪಿನ್‌ಗಳಲ್ಲಿ ಏನೇನು ಹರಿಯಬೇಕು ಅನ್ನೋದು ಲ್ಯಾಪ್‌ಟಾಪ್ ಮಾಡಿದವರಿಗೆ ಬಿಟ್ಟದ್ದು. ಒಂದರಲ್ಲಿ ಬರೀ ಪೆನ್‌ಡ್ರೈವ್ ನಡೆಯುತ್ತದೆ. ಇನ್ನೊಂದರಲ್ಲಿ ಪೆನ್‌ಡ್ರೈವ್ ಜೊತೆ ಚಾರ್ಜಿಂಗೂ ಆಗುತ್ತದೆ. ಮತ್ತೊಂದರಲ್ಲಿ ಚಿತ್ರವೂ ಬರುತ್ತದೆ. ಹೊರಗಿನಿಂದ ಮೂರೂ ಒಂದೇ ಥರ. ಒಂದೇ ಲ್ಯಾಪ್‌ಟಾಪ್‌ನಲ್ಲಿ ಎರಡು ಸಿ ಕಿಂಡಿ ಇದ್ದು, ಒಂದರಲ್ಲಿ ಮಾತ್ರ ಚಿತ್ರ ಬರೋದೂ ಉಂಟು.

ಕಿಂಡಿಯ ಪಕ್ಕದಲ್ಲಿ ಕಣ್ಣಿಟ್ಟು ನೋಡಿ. ಬೇಕಾದರೆ ಮೊಬೈಲ್ ಟಾರ್ಚ್ ಹಚ್ಚಿಕೊಳ್ಳಿ, ಗುರುತು ಬಹಳ ಸಣ್ಣದಿರುತ್ತದೆ. ಡಿ ಮತ್ತು ಪಿ ಅಕ್ಷರ ಹೆಣೆದ ಗುರುತು ಇದ್ದರೆ ಡಿಸ್‌ಪ್ಲೇಪೋರ್ಟ್ ಚಿತ್ರ ಬರುತ್ತದೆ ಅಂತ. ಎಚ್‌ಡಿಎಂಐನಂತೆ ಮಾನಿಟರ್‌ಗೆ ಚಿತ್ರ ಕಳಿಸುವ ಇನ್ನೊಂದು ರೀತಿ ಅದು. ಬಾಣದ ತುದಿಯ ಮಿಂಚಿನ ಗುರುತಿದ್ದರೆ ಥಂಡರ್‌ಬೋಲ್ಟ್. ಅದು ಎಲ್ಲಕ್ಕಿಂತ ಒಳ್ಳೆಯದು. ಥಂಡರ್‌ಬೋಲ್ಟ್ 4 ಅಂತ ಇದ್ದರೆ ಎರಡು 4ಕೆ (ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕೆ ಇರುವ) ಮಾನಿಟರ್‌ಗೆ ಸೆಕೆಂಡಿಗೆ 60 ಚಿತ್ರದ ಲೆಕ್ಕದಲ್ಲಿ ಕೊಡಲೇಬೇಕು, ಅದು ಆ ಹೆಸರಿನ ನಿಯಮ. ಬರೀ ಬ್ಯಾಟರಿ ಚಿತ್ರ ಇದ್ದರೆ ಅದು ಚಾರ್ಜಿಂಗ್ ಗುರುತು, ಚಿತ್ರಕ್ಕೆ ಖಾತ್ರಿ ಇಲ್ಲ. ಗುರುತೇ ಇಲ್ಲದಿದ್ದರೆ? ಲ್ಯಾಪ್‌ಟಾಪ್ ಬೋರಲು ಹಾಕಿ, ಕೆಳಗೆ ಅಂಟಿಸಿರುವ ಚೀಟಿಯಲ್ಲಿ ಪೂರ್ತಿ ಮಾಡೆಲ್ ಸಂಖ್ಯೆ ಇರುತ್ತದೆ. ಅದನ್ನು ತಯಾರಿಸಿದ ಕಂಪನಿಯ ಜಾಲತಾಣದಲ್ಲಿ ಹುಡುಕಿ. ಪೋರ್ಟ್‌ಗಳ ವಿವರದಲ್ಲಿ ಡಿಸ್‌ಪ್ಲೇಪೋರ್ಟ್ ಅನ್ನೋ ಮಾತು ಯುಎಸ್‌ಬಿ-ಸಿ ಪಕ್ಕದಲ್ಲಿ ಇದೆಯೋ ಇಲ್ಲವೋ, ಅದೊಂದನ್ನು ನೋಡಿದರೆ ಸಾಕು.

ಇನ್ನೂ ಸುಲಭದ ದಾರಿ ಬೇಕಾ? ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಗೆ ಕೊಳ್ಳಲು ಹೋಗುವಾಗ ಲ್ಯಾಪ್‌ಟಾಪ್ ಜೊತೆಗೇ ಒಯ್ಯಿರಿ. ಹಚ್ಚಿ ತೋರಿಸಿ ಅನ್ನಿ. ಎರಡು ಮಾನಿಟರ್‌ನಲ್ಲಿ ಎರಡು ಬೇರೆ ಚಿತ್ರ ಬಂದ ಮೇಲೆಯೇ ದುಡ್ಡು ಎಣಿಸಿ. ಸಂಕೋಚ ಮಾಡಿಕೊಳ್ಳಬೇಡಿ. ಸೀರೆ ತಗೊಳ್ಳುವಾಗ ಬಿಚ್ಚಿ ತೋರಿಸಿ ಅಂತೀವಿ ತಾನೇ!

ಕೇಬಲ್ ಬಗ್ಗೆಯೂ ಹೇಳಬೇಕು. ಮೊಬೈಲ್ ಜೊತೆ ಬರುವ ಸಿ ಕೇಬಲ್ ಸಾಮಾನ್ಯವಾಗಿ ಚಾರ್ಜಿಂಗ್‌ಗೆ ಅಂತಲೇ ಇರುತ್ತದೆ. ಚಿತ್ರ ಒಯ್ಯುವ ತಂತಿಗಳೇ ಅದರೊಳಗೆ ಇರುವುದಿಲ್ಲ. ಅದನ್ನು ಸಿಕ್ಕಿಸಿ ಮಾನಿಟರ್ ಕೆಟ್ಟಿದೆ ಅಂತ ವಾಪಸ್ ಒಯ್ದವರಿದ್ದಾರೆ. ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಸಾದಾ ಕೇಬಲ್‌ಗೂ ಒಂದೇ ದಿಕ್ಕು. ಲ್ಯಾಪ್‌ಟಾಪ್ ಕಡೆ ಡಿಸ್‌ಪ್ಲೇಪೋರ್ಟ್, ಮಾನಿಟರ್ ಕಡೆ ಎಚ್‌ಡಿಎಂಐ. ತಿರುಗಿಸಿ ಹಾಕಿದರೆ ಏನೂ ಬರುವುದಿಲ್ಲ.

ಈಗ ಸ್ವಲ್ಪ ಗಣಿತ. ಹೆದರಬೇಡಿ, ಗುಣಾಕಾರ ಬಂದರೆ ಸಾಕು. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡ 1920 ಚುಕ್ಕೆ, ಉದ್ದ 1080 ಚುಕ್ಕೆ. ಒಂದೊಂದು ಚುಕ್ಕೆಯ ಬಣ್ಣ ಹೇಳಲು 24 ಬಿಟ್ ಬೇಕು. ಸೆಕೆಂಡಿಗೆ 60 ಸಲ ಚಿತ್ರ ಹೊಸದಾಗಬೇಕು. ಎಲ್ಲ ಗುಣಿಸಿದರೆ ಸೆಕೆಂಡಿಗೆ ಸುಮಾರು 3 ಗಿಗಾಬಿಟ್. 4ಕೆ ಅಂದರೆ ಅಡ್ಡ 3840, ಉದ್ದ 2160. ಚುಕ್ಕೆಗಳು ನಾಲ್ಕು ಪಟ್ಟು, ಹಾಗಾಗಿ ಸುಮಾರು 12 ಗಿಗಾಬಿಟ್. ಈ 3 ಮತ್ತು 12 ನೆನಪಿಟ್ಟುಕೊಳ್ಳಿ.

ಯುಎಸ್‌ಬಿ-ಸಿ ಒಳಗೆ ಚಿತ್ರ ಒಯ್ಯಲು ನಾಲ್ಕು ಜೋಡಿ ತಂತಿ ಸಿಗುತ್ತವೆ. ಆದರೆ ನೀವು ಹಬ್ ಸಿಕ್ಕಿಸಿದ್ದೀರಿ, ಅದರಲ್ಲಿ ವೇಗದ ಪೆನ್‌ಡ್ರೈವೂ ನಡೆಯಬೇಕು. ಆಗ ಎಷ್ಟೋ ಹಬ್‌ಗಳು ಎರಡು ಜೋಡಿಯನ್ನು ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್‌ಗೆ ಬಿಟ್ಟು, ಉಳಿದ ಎರಡು ಜೋಡಿಯಲ್ಲಿ ಮಾತ್ರ ಚಿತ್ರ ಕಳಿಸುತ್ತವೆ. ಡಿಸ್‌ಪ್ಲೇಪೋರ್ಟ್ 1.2 ಲೆಕ್ಕದಲ್ಲಿ ಎರಡು ಜೋಡಿಗೆ ಸಿಗೋದು 8.64 ಗಿಗಾಬಿಟ್. ಅದರಲ್ಲಿ ಫುಲ್ ಎಚ್‌ಡಿ ಎರಡು ಆರಾಮಾಗಿ ಹಿಡಿಯುತ್ತವೆ. 4ಕೆಗೆ 12 ಬೇಕಿತ್ತು, ಹಿಡಿಯುವುದಿಲ್ಲ. ಹಾಗಾಗಿ ಹಬ್ ಏನು ಮಾಡುತ್ತದೆ? ಸೆಕೆಂಡಿಗೆ 60 ಬದಲು 30 ಚಿತ್ರ ಕಳಿಸುತ್ತದೆ. ಚಿತ್ರ ಸ್ಪಷ್ಟವಾಗೇ ಇರುತ್ತದೆ. ಆದರೆ ಮೌಸ್ ಎಳೆದಾಗ ಬಾಣ ತಡವರಿಸುತ್ತದೆ. ಪುಟ ಸರಿಸಿದರೆ ಅಕ್ಷರಗಳು ಜಿಗಿಯುತ್ತಾ ಹೋಗುತ್ತವೆ. ಸಂಜೆ ಹೊತ್ತಿಗೆ ಕಣ್ಣು ಉರಿ. ಎಚ್‌ಡಿಎಂಐನಲ್ಲೂ ಇದೇ ಕಥೆ. 1.4ರಲ್ಲಿ 4ಕೆ 30ಕ್ಕೇ ನಿಲ್ಲುತ್ತದೆ. 60 ಬೇಕಾದರೆ 2.0 ಇರಬೇಕು.

ಹಬ್ ಡಬ್ಬಿಯ ಮೇಲೆ 4ಕೆ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಪಕ್ಕದಲ್ಲಿ ಸಣ್ಣದಾಗಿ 30 ಹರ್ಟ್ಸ್ ಅಂತ ಇದೆಯೋ 60 ಅಂತ ಇದೆಯೋ, ಅದನ್ನು ಓದಿ. ಆಗಲೇ 4ಕೆ ಹಚ್ಚಿಕೊಂಡು ಮೌಸ್ ತಡವರಿಸುತ್ತಿದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇಗೆ ಹೋಗಿ. ಅಲ್ಲಿ 30 ಅಂತ ಕಾಣಿಸಿದರೆ ಕಾರಣ ಸಿಕ್ಕಿತು. ನನ್ನನ್ನು ಕೇಳಿದರೆ ಪುಸ್ತಕ, ಪತ್ರಿಕೆ ಪುಟದ ಕೆಲಸಕ್ಕೆ ಎರಡು ಫುಲ್ ಎಚ್‌ಡಿ ಮಾನಿಟರ್, 60ರಲ್ಲಿ, ಒಂದು 4ಕೆ 30ಕ್ಕಿಂತ ಎಷ್ಟೋ ಮೇಲು.

ಈಗ ಹಬ್‌ಗಳ ಜಾತಿ. ಹೊರಗಿನಿಂದ ಎಲ್ಲವೂ ಒಂದೇ ರೀತಿ ಕಾಣುತ್ತವೆ, ಒಳಗೆ ಮೂರು ಥರ. ಎರಡು ಎಚ್‌ಡಿಎಂಐ ಕಿಂಡಿ ಇದ್ದರೂ ಎರಡರಲ್ಲೂ ಒಂದೇ ಚಿತ್ರ ಕೊಡುವ ಅಗ್ಗದ ಹಬ್ ಮೊದಲನೆಯದು. ಬೆಟಗೇರಿಯ ಹುಡುಗನ ಹತ್ತಿರ ಇದ್ದದ್ದು ಅದೇ.

ಎರಡನೆಯದು ಎಂಎಸ್‌ಟಿ. ಡಿಸ್‌ಪ್ಲೇಪೋರ್ಟ್ 1.2ರ ಜೊತೆ ಬಂದ ವಿದ್ಯೆ ಇದು. ಒಂದೇ ತಂತಿಯಲ್ಲಿ ಎರಡು-ಮೂರು ಬೇರೆ ಬೇರೆ ಚಿತ್ರ ಕಳಿಸಿ, ಹಬ್‌ನಲ್ಲಿ ಬೇರ್ಪಡಿಸುವುದು. ವಿಂಡೋಸ್ ಲ್ಯಾಪ್‌ಟಾಪ್‌ನ ಸಿ ಕಿಂಡಿಯಲ್ಲಿ ಚಿತ್ರ ಬರುವುದು ಖಾತ್ರಿಯಾದರೆ ಇದು ಬಹಳ ಒಳ್ಳೆಯ ದಾರಿ. ಡ್ರೈವರ್, ಅಂದರೆ ಹಬ್ ನಡೆಸುವ ಬೇರೆ ಸಾಫ್ಟ್‌ವೇರ್, ಬೇಕಿಲ್ಲ, ಖರ್ಚು ಮಿತ. ಆದರೆ ಮ್ಯಾಕ್‌ನಲ್ಲಿ ಇದು ನಡೆಯುವುದಿಲ್ಲ. ಮ್ಯಾಕ್‌ಗೆ ಎಂಎಸ್‌ಟಿ ಹಬ್ ಹಚ್ಚಿದರೆ ಎರಡೂ ಮಾನಿಟರ್‌ನಲ್ಲಿ ಒಂದೇ ಚಿತ್ರ ಬರುತ್ತದೆ. ಯಂತ್ರ ಎಷ್ಟೇ ದುಬಾರಿಯದಾದರೂ ಅಷ್ಟೇ.

ಮೂರನೆಯದು ಡಿಸ್‌ಪ್ಲೇಲಿಂಕ್. ಎಂ1 ಏರ್ ಇರುವವರಿಗೆ ದಾರಿ ಇದೆ ಅಂದೆನಲ್ಲ, ಅದು ಇದೇ. ಸಿ ಕಿಂಡಿಯಲ್ಲಿ ಚಿತ್ರ ಬಾರದ ವಿಂಡೋಸ್ ಲ್ಯಾಪ್‌ಟಾಪ್‌ಗೂ ಇದೇ ದಾರಿ. ಇಲ್ಲಿ ಗ್ರಾಫಿಕ್ಸ್‌ನ ಲೆಕ್ಕ ಅಡ್ಡ ಬರುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಒಂದು ಡ್ರೈವರ್ ಹಾಕುತ್ತೀರಿ. ಅದು ಚಿತ್ರವನ್ನು ಕುಗ್ಗಿಸಿ, ಪೆನ್‌ಡ್ರೈವ್‌ಗೆ ಫೈಲು ಕಳಿಸುವಂತೆ ಸಾದಾ ಯುಎಸ್‌ಬಿಯಲ್ಲೇ ಕಳಿಸುತ್ತದೆ. ಹಬ್‌ನಲ್ಲಿರುವ ಚಿಪ್ ಅದನ್ನು ಮತ್ತೆ ಹಿಗ್ಗಿಸಿ ಮಾನಿಟರ್‌ಗೆ ಕೊಡುತ್ತದೆ. ಹಳೆಯ ಚಪ್ಪಟೆ ಯುಎಸ್‌ಬಿ ಕಿಂಡಿಯಲ್ಲೂ ನಡೆಯುತ್ತದೆ, ಒಳಗೆ ನೀಲಿ ಇರುವ ವೇಗದ ಕಿಂಡಿ ಆದರೆ ಒಳ್ಳೆಯದು. ಕುಗ್ಗಿಸುವ ಕೆಲಸ ಪ್ರೊಸೆಸರ್ ಮೇಲೆ ಬೀಳುತ್ತದೆ. ಆದರೂ ಪುಟ ಕಟ್ಟಲು, ಟ್ಯಾಲಿ ಮಾಡಲು, ಪ್ರೂಫ್ ನೋಡಲು ಯಾವ ತೊಂದರೆಯೂ ಇಲ್ಲ. ಮದುವೆ ವಿಡಿಯೊ ಎಡಿಟ್ ಮಾಡುವವರು ಮಾತ್ರ ಇದರ ಮೇಲೆ ನಂಬಿಕೆ ಇಡಬೇಡಿ. ಮ್ಯಾಕ್‌ನಲ್ಲಿ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಕೇಳುತ್ತದೆ. ಗಾಬರಿಯಾಗಬೇಡಿ, ಚಿತ್ರ ಹಿಡಿದು ಕಳಿಸಲು ಆ ಅನುಮತಿ ಬೇಕೇ ಬೇಕು. ಅದು ಇದ್ದಾಗ ಮ್ಯಾಕ್‌ನಲ್ಲಿ ಸಿನಿಮಾ ಆ್ಯಪ್‌ಗಳು ಕಪ್ಪು ಪರದೆ ತೋರಿಸುವುದೂ ಉಂಟು. ನಕಲು ತಡೆಯುವ ಏರ್ಪಾಡು ಅದು, ಮಾನಿಟರ್ ಕೆಟ್ಟಿದ್ದಲ್ಲ.

ಇಷ್ಟೆಲ್ಲ ಕೇಳಿ ತಲೆ ಭಾರ ಆಗಿದ್ದರೆ ಸಮಾಧಾನದ ಒಂದು ಮಾತು. ಇಲ್ಲಿರುವ ಬಹುಪಾಲು ಜನರಿಗೆ ಹಬ್ಬೇ ಬೇಡ. ಲ್ಯಾಪ್‌ಟಾಪ್‌ನಲ್ಲಿ ಒಂದು ಎಚ್‌ಡಿಎಂಐ ಇದೆ, ಚಿತ್ರ ಬರುವ ಒಂದು ಸಿ ಇದೆ ಅಂದರೆ, ಮೊದಲ ಮಾನಿಟರ್‌ಗೆ ಎಚ್‌ಡಿಎಂಐ ಕೇಬಲ್, ಎರಡನೆಯದಕ್ಕೆ ಸಿ-ಯಿಂದ ಎಚ್‌ಡಿಎಂಐ ಕೇಬಲ್. ಮುಗಿಯಿತು. ಮೂರು ಪರದೆ ಆಯಿತು, ಡ್ರೈವರ್ ಇಲ್ಲ, ಡಬ್ಬಿ ಇಲ್ಲ. ಮಧ್ಯೆ ಸಾಮಾನು ಕಡಿಮೆ ಇದ್ದಷ್ಟೂ ಕೆಡೋದು ಕಡಿಮೆ.

ಹಚ್ಚಿದ ಮೇಲೆ ವಿಂಡೋಸ್ ಕೀ ಹಿಡಿದು ಪಿ ಒತ್ತಿ. ನಾಲ್ಕು ಆಯ್ಕೆ ಬರುತ್ತವೆ. ಎಕ್ಸ್‌ಟೆಂಡ್ ಆರಿಸಿ. ಎರಡರಲ್ಲೂ ಒಂದೇ ಚಿತ್ರ ಬರುತ್ತಿದೆ ಅನ್ನುವ ಎಷ್ಟೋ ಫೋನು ಇಲ್ಲೇ ಮುಗಿಯುತ್ತವೆ, ಡುಪ್ಲಿಕೇಟ್ ಅಂತ ಇದ್ದದ್ದನ್ನು ಬದಲಿಸಿದರೆ ಆಯಿತು. ಆಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಒಂದು, ಎರಡು, ಮೂರು ಅಂತ ಚೌಕಗಳು ಕಾಣುತ್ತವೆ. ಮೇಜಿನ ಮೇಲೆ ಮಾನಿಟರ್ ಹೇಗೆ ಇಟ್ಟಿದ್ದೀರೋ ಚೌಕಗಳನ್ನೂ ಹಾಗೇ ಎಳೆದು ಇಡಿ. ಇದನ್ನು ಮಾಡದಿದ್ದರೆ ಮೌಸ್ ಬಲಕ್ಕೆ ಒಯ್ದಾಗ ಗೋಡೆಗೆ ಬಡಿದಂತೆ ನಿಲ್ಲುತ್ತದೆ. ವಿಂಡೋಸ್ ಕೀ, ಶಿಫ್ಟ್ ಎರಡೂ ಹಿಡಿದು ಎಡ ಅಥವಾ ಬಲ ಬಾಣದ ಕೀ ಒತ್ತಿದರೆ ತೆರೆದ ವಿಂಡೋ ಪಕ್ಕದ ಮಾನಿಟರ್‌ಗೆ ಹಾರುತ್ತದೆ. ಕೈಗೆ ಒಮ್ಮೆ ರೂಢಿಯಾದರೆ ಮೌಸ್ ಮರೆತೇ ಹೋಗುತ್ತದೆ.

ಪುಟ ಕಟ್ಟುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್ ಬಳಸುವವರು ಇಲ್ಲಿ ಇನ್ನೂ ಇದ್ದೀರಿ ಅಂತ ಗೊತ್ತು. ಅದರ ಕೊನೆಯ ಆವೃತ್ತಿ 7, 2001ರಲ್ಲಿ ಬಂದದ್ದು. ನಿಮಗೊಂದು ವಿಶೇಷ ತೊಂದರೆ ಬರುತ್ತದೆ. ಲ್ಯಾಪ್‌ಟಾಪ್‌ನ 15.6 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಒಂದು ಇಂಚಿಗೆ 141 ಚುಕ್ಕೆ ಇರುತ್ತವೆ. 24 ಇಂಚಿನ ಫುಲ್ ಎಚ್‌ಡಿ ಮಾನಿಟರ್‌ನಲ್ಲಿ ಇಂಚಿಗೆ 92 ಮಾತ್ರ. ಅಕ್ಷರ ತೀರಾ ಸಣ್ಣ ಕಾಣಬಾರದು ಅಂತ ವಿಂಡೋಸ್ ಲ್ಯಾಪ್‌ಟಾಪ್ ಪರದೆಯನ್ನು ಶೇಕಡಾ 125 ಅಥವಾ 150ಕ್ಕೆ ಹಿಗ್ಗಿಸಿರುತ್ತದೆ. ಹಳೆಯ ಸಾಫ್ಟ್‌ವೇರ್‌ಗೆ ಈ ಹಿಗ್ಗಿಸುವ ಲೆಕ್ಕ ಗೊತ್ತಿಲ್ಲ. ವಿಂಡೋಸ್ ಅದನ್ನು ಫೋಟೊ ಹಿಗ್ಗಿಸಿದಂತೆ ಹಿಗ್ಗಿಸುತ್ತದೆ. ಅಕ್ಷರದ ಅಂಚೆಲ್ಲ ಮಬ್ಬು. ಫಾಂಟ್ ಕೆಟ್ಟಿದೆ ಅಂತ ನುಡಿ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕುತ್ತಾ ಕೂರುತ್ತಾರೆ. ಫಾಂಟ್‌ನದೇನೂ ತಪ್ಪಿಲ್ಲ. ಹೊರಗಿನ ಮಾನಿಟರ್‌ನ ಸ್ಕೇಲ್ 100ಕ್ಕೆ ಇಟ್ಟು, ಪೇಜ್‌ಮೇಕರನ್ನು ಯಾವಾಗಲೂ ಅದರಲ್ಲೇ ತೆರೆಯಿರಿ. ಅಕ್ಷರ ಚೊಕ್ಕವಾಗಿ ಬರುತ್ತದೆ. ಮೇಲ್, ಬ್ರೌಸರ್‌ನಂಥ ಹೊಸ ಸಾಫ್ಟ್‌ವೇರ್ ಲ್ಯಾಪ್‌ಟಾಪ್ ಪರದೆಯಲ್ಲಿ ಇರಲಿ.

ನಿಂತು ತಿರುಗುವ ಸ್ಟ್ಯಾಂಡ್ ಇರುವ ಮಾನಿಟರ್ ಸಿಕ್ಕರೆ ಅದನ್ನು ಉದ್ದಕ್ಕೆ ನಿಲ್ಲಿಸಿ ನೋಡಿ. ಸೆಟ್ಟಿಂಗ್ಸ್‌ನಲ್ಲಿ ಪೋರ್ಟ್ರೇಟ್ ಅಂತ ಮಾಡಬೇಕು. ಅಗಲ 30, ಎತ್ತರ 53 ಸೆಂಟಿಮೀಟರ್ ಆಗುತ್ತದೆ. ಒಂದು ಪುಟವನ್ನು ಅಗಲಕ್ಕೆ ತುಂಬಿಸಿದರೆ ಅಕ್ಷರ ಅಚ್ಚಿಗಿಂತ ದೊಡ್ಡದಾಗಿ ಕಾಣುತ್ತದೆ, ಆದರೂ ಇಡೀ ಪುಟ ತಲೆಯಿಂದ ಬುಡದವರೆಗೆ ಪರದೆಯೊಳಗೇ ಇರುತ್ತದೆ. ಒತ್ತಕ್ಷರದ ಪ್ರೂಫ್‌ಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಗೊತ್ತಿಲ್ಲ.

ಬಣ್ಣದ ವಿಷಯ ಸ್ವಲ್ಪ ದಾರಿ ತಪ್ಪಿದ ಮಾತಾದರೂ ಹೇಳಲೇಬೇಕು. ಲಗ್ನಪತ್ರಿಕೆಯ ಕುಂಕುಮದ ಕೆಂಪು ಮೂರು ಪರದೆಯಲ್ಲಿ ಮೂರು ಥರ ಕಾಣುತ್ತದೆ. ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಪರದೆಗಳು ಸಾಮಾನ್ಯವಾಗಿ ಕಡಿಮೆ ಬಣ್ಣ ತೋರಿಸುತ್ತವೆ, ಕೆಂಪು ಅಲ್ಲಿ ಇಟ್ಟಿಗೆಯಾಗಿ ಬಿಡುತ್ತದೆ. ಗಿರಾಕಿ ಪಕ್ಕದಲ್ಲಿ ಕೂತು ಒಂದು ಪರದೆ ನೋಡಿ ಹೂಂ ಅನ್ನುತ್ತಾರೆ. ನೀವು ಇನ್ನೊಂದರಲ್ಲಿ ನೋಡಿ ತಿದ್ದುತ್ತೀರಿ. ಜಗಳ ಅಲ್ಲಿಂದ ಶುರು. ಹಾಗಾಗಿ ಬಣ್ಣದ ತೀರ್ಮಾನಕ್ಕೆ ಒಂದೇ ಮಾನಿಟರ್ ಅಂತ ಗೊತ್ತು ಮಾಡಿ. ಐಪಿಎಸ್ ಪ್ಯಾನಲ್ ಇರಲಿ, ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ಅದರ ಮೆನುವಿನಲ್ಲಿ ಎಸ್‌ಆರ್‌ಜಿಬಿ ಅಂತ ಇದ್ದರೆ ಅದಕ್ಕೆ ಇಡಿ. ಹೊಳಪು ಪೂರ್ತಿ ಏರಿಸಬೇಡಿ, ಪಕ್ಕದಲ್ಲಿ ಹಿಡಿದ ಬಿಳಿ ಹಾಳೆಯಷ್ಟೇ ಬೆಳಕಿರಲಿ. ಇಷ್ಟಾದರೂ ಪರದೆಯದು ಬೆಳಕಿನ ಬಣ್ಣ, ಹಾಳೆಯದು ಶಾಯಿಯ ಬಣ್ಣ. ಗಿರಾಕಿಗೆ ಕೊನೆಗೆ ತೋರಿಸಬೇಕಾದ್ದು ಹಾಳೆಯನ್ನೇ.

ಪ್ರಶ್ನೆಗಳು ಬಂದಿವೆ. ಕರೆಂಟ್ ಹೋದರೆ ಹೇಗೆ ಅಂತ ಹಿಂದಿನ ಸಾಲಿನ ಅಕ್ಕಾರು ಕೇಳಿದರು. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಮಾನಿಟರ್‌ಗೆ ಇಲ್ಲ. ಕರೆಂಟ್ ಹೋದ ಕೂಡಲೇ ಮಾನಿಟರ್ ಆರುತ್ತವೆ, ತೆರೆದ ಎಲ್ಲ ವಿಂಡೋ ಸಾಮಾನ್ಯವಾಗಿ ಲ್ಯಾಪ್‌ಟಾಪ್ ಪರದೆಗೆ ಬಂದು ಗುಡ್ಡೆ ಬೀಳುತ್ತವೆ. ಕೆಲಸ ಕಳೆದು ಹೋಗುವುದಿಲ್ಲ. ವಿಂಡೋಸ್ 11 ಇದ್ದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಮಲ್ಟಿಪಲ್ ಡಿಸ್‌ಪ್ಲೇಸ್ ಅನ್ನುವಲ್ಲಿ, ಮಾನಿಟರ್ ಪ್ರಕಾರ ವಿಂಡೋಗಳ ಜಾಗ ನೆನಪಿಡುವ ಆಯ್ಕೆಗೆ ಟಿಕ್ ಹಾಕಿ. ಕರೆಂಟ್ ಬಂದಾಗ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂರುತ್ತವೆ. 24 ಇಂಚಿನ ಎಲ್‌ಇಡಿ ಮಾನಿಟರ್ ಎಳೆಯೋದು ಸುಮಾರು 20ರಿಂದ 25 ವ್ಯಾಟ್. 600 ವಿಎ ಸಣ್ಣ ಯುಪಿಎಸ್ ಎರಡು ಮಾನಿಟರ್‌ಗೆ ಧಾರಾಳ. ಬ್ಯಾಟರಿ ಚೆನ್ನಾಗಿದ್ದರೆ ಕಾಲು ತಾಸು ಆರಾಮಾಗಿ ಸಿಗುತ್ತದೆ. ಅದೇ ಯುಪಿಎಸ್‌ಗೆ ಲೇಸರ್ ಪ್ರಿಂಟರ್ ಮಾತ್ರ ಹಚ್ಚಬೇಡಿ. ಅದರ ಹೀಟರ್ ಒಮ್ಮೆಲೇ ನೂರಾರು ವ್ಯಾಟ್ ಎಳೆಯುತ್ತದೆ. ಕೇಬಲ್ ಸಿಕ್ಕಿಸುವಾಗ ಕೈಗೆ ಚುರ್ ಅನ್ನುತ್ತಿದ್ದರೆ ಅರ್ಥಿಂಗ್ ನೋಡಿಸಿ, ಸುಮ್ನೆ ಬಿಡಬೇಡಿ.

ಲ್ಯಾಪ್‌ಟಾಪ್ ಮುಚ್ಚಿಟ್ಟು ಬರೀ ಮಾನಿಟರ್‌ಗಳಲ್ಲಿ ಕೆಲಸ ಮಾಡಬಹುದಾ ಅಂತ ಇನ್ನೊಂದು ಪ್ರಶ್ನೆ. ಮಾಡಬಹುದು. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ ಏನಾಗಬೇಕು ಅನ್ನೋ ಕಡೆ, ಏನೂ ಮಾಡಬೇಡ ಅನ್ನುವುದನ್ನು ಆರಿಸಿ. ಚಾರ್ಜರ್ ಹಚ್ಚಿರಲಿ. ಬೇರೆ ಕೀಬೋರ್ಡ್, ಮೌಸ್ ಬೇಕು. ಆದರೆ ಕೆಲವು ಲ್ಯಾಪ್‌ಟಾಪ್‌ಗಳ ಬಿಸಿಗಾಳಿ ಪರದೆಯ ಬುಡದಿಂದ ಹೊರಬೀಳುತ್ತದೆ. ಮುಚ್ಚಿದರೆ ಆ ದಾರಿ ಅರ್ಧ ಕಟ್ಟಿಕೊಳ್ಳುತ್ತದೆ. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಫ್ಯಾನ್ ಶಬ್ದ ಜೋರಾದರೆ ಮುಚ್ಚಳ ತೆರೆದೇ ಇಡಿ, ಆ ಪರದೆಯನ್ನು ಮೇಲ್‌ಗೆ ಬಳಸಿ.